ಹಲ್ಲಕ್ಕನ ಹೊಸ ಬೈಕು

ಊರಿನ ಹನ್ನೊಂದು ಹಲ್ಲಿನ ಆಸ್ಪತ್ರೆಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದ ಆ ಹೆಂಗಸನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಯಾವುದೋ ಆಸ್ಪತ್ರೆಯ ನರ್ಸು. ಅವಳ ಬಾಯಿಂದ ಡಾಕ್ಟರುಗಳ ಬಾಯಿಗೆ ಹೋಯಿತು, ಡಾಕ್ಟರುಗಳಿಂದ ಕೊರಿಯರ್‌ನವನಿಗೆ ದಾಟಿತು, ಕೊನೆಗೆ ಸ್ವಂತ ಗಂಡನೇ ಫೋನಿನಲ್ಲಿ ಅವಳ ನಂಬರನ್ನು ಅದೇ ಹೆಸರಿನಲ್ಲಿ ಇಟ್ಟುಕೊಂಡ. ವಯಸ್ಸು ಐವತ್ತೊಂದು. ಎತ್ತರ ಐದು ಅಡಿ ಒಂದು ಇಂಚು. ಆ ಒಂದು ಇಂಚನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅವಳ ಕೆಲಸದ ಕೋಣೆ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿತ್ತು. ಒಂದೇ ಕಿಟಕಿ, ಕಿಟಕಿಗೆ ಒತ್ತಿಕೊಂಡು ಉದ್ದನೆಯ ಮೇಜು. ಡಾಕ್ಟರುಗಳು ತೆಗೆದ ಬಾಯಿಯ ಅಚ್ಚು ಅಲ್ಲಿಗೆ ಬರುತ್ತಿತ್ತು. ಅವಳು ಅದಕ್ಕೆ ಪ್ಲಾಸ್ಟರ್ ಹುಯ್ದು ವಸಡಿನ ಪಡಿಯಚ್ಚು ಮಾಡಿ, ಮೇಣದಲ್ಲಿ ಹಲ್ಲು ಕೂರಿಸಿ, ಬಿಸಿನೀರಿನಲ್ಲಿ ಬೇಯಿಸಿ, ಅರೆದು, ಉಜ್ಜಿ, ಹೊಳಪು ಕೊಟ್ಟು, ಪುಟ್ಟ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದಳು. ಡಬ್ಬಿಯ ಮೇಲೆ ಒಂದು ಚೀಟಿ: ಡಾಕ್ಟರ ಹೆಸರು, ಒಂದು ನಂಬರು, ಹಲ್ಲಿನ ಬಣ್ಣ. ಇಪ್ಪತ್ತಮೂರು ವರ್ಷದಲ್ಲಿ ಸಾವಿರಾರು ಬಾಯಿಗಳು ಅವಳ ಕೈಯಿಂದ ತುಂಬಿಕೊಂಡಿದ್ದವು. ಆದರೆ ಅವಳು ಕಟ್ಟಿದ ಹಲ್ಲು ಬಾಯಲ್ಲಿದ್ದಾಗ ಹೇಗೆ ಕಾಣುತ್ತದೆ ಎಂದು ಕೇಳಿದರೆ ಹೇಳುವುದಕ್ಕೆ ಬರುತ್ತಿರಲಿಲ್ಲ. ಸೆಟ್ಟು ಕೂರಿಸುವುದು ಡಾಕ್ಟರ ಕೆಲಸ. ಮನೆಯಲ್ಲಾದರೂ ಒಬ್ಬ ಗಿರಾಕಿ ಇದ್ದಾರೆಯೇ ಎಂದರೆ ಅದೂ ಇಲ್ಲ. ಅತ್ತೆಗೆ ಎಪ್ಪತ್ತೆಂಟಾದರೂ ಬಾಯಿ ತುಂಬ ಸ್ವಂತ ಹಲ್ಲು. ಗಂಡನೋ ಕನ್ನಡಕದ ಅಂಗಡಿಯಲ್ಲಿ ಲೆನ್ಸು ಕೂರಿಸುವವನು. ಹಲ್ಲೊಬ್ಬರದು, ಕಣ್ಣೊಬ್ಬರದು, ಉಳಿದದ್ದಕ್ಕೆಲ್ಲ ನಾನಿದ್ದೀನಿ ಎಂದು ಅತ್ತೆ ನಗಾಡುತ್ತಿದ್ದರು.

ಡಬ್ಬಿಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸಲು ಹಲ್ಲಕ್ಕನ ಹತ್ತಿರ ಒಂದು ಹಳೆಯ ಸ್ಕೂಟರ್ ಇತ್ತು. ಹದಿನಾರು ವರ್ಷ ದುಡಿದು ಅದು ಒಂದು ದಿನ ಸಿಗ್ನಲ್ಲಿನಲ್ಲಿ ಉಸಿರು ಬಿಟ್ಟಿತು. ಮೆಕ್ಯಾನಿಕ್ಕು ಎರಡು ಸಲ ಕಿಕ್ ಹೊಡೆದು ನೋಡಿ, "ಸಾಕು ಬಿಡಿ ಅಕ್ಕ, ಪಾಪ" ಎಂದ. ಇನ್ನೊಂದು ಸ್ಕೂಟರ್ ತರೋಣವೆಂದು ಅವಳು ಶೋರೂಮಿಗೆ ಹೋದಳು. ಸ್ಕೂಟರುಗಳು ಹಿಂದಿನ ಸಾಲಿನಲ್ಲಿದ್ದವು. ಮುಂದಿನ ಸಾಲು ದಾಟಿ ಹೋಗಬೇಕಿತ್ತು. ಅವಳು ದಾಟಲಿಲ್ಲ.

ಗಾಢ ನೀಲಿ ಬಣ್ಣದ ದೊಡ್ಡ ಬೈಕೊಂದು ಅಲ್ಲಿ ನಿಂತಿತ್ತು. ಮುಂಭಾಗ ರೇಸಿನ ಬೈಕಿನಂತೆ ಚೂಪು. ಹಿಂಭಾಗದಲ್ಲಿ ಮಾತ್ರ ದೂರ ಊರಿಗೆ ಹೊರಟವರ ಹಾಗೆ ಎರಡೂ ಪಕ್ಕ ಪೆಟ್ಟಿಗೆ. ಎದುರಿಗೆ ಗಾಳಿ ತಡೆಯುವ ಗಾಜು, ಅಗಲವಾದ ಸೀಟು. ಸ್ಪೋರ್ಟ್ ಟೂರಿಂಗ್ ಬೈಕು ಅಂತಾರೆ ಇದಕ್ಕೆ ಎಂದು ಸೇಲ್ಸ್‌ನವನು ಬಂದು ನಿಂತ. ಬೇಗ ಹೋಗಲಿಕ್ಕೂ ಆಗುತ್ತೆ, ದೂರ ಹೋಗಲಿಕ್ಕೂ ಆಗುತ್ತೆ. ನಾಲ್ಕು ಸಿಲಿಂಡರು. ಇನ್ನೂರ ಇಪ್ಪತ್ತು ಕಿಲೋ.

"ಮಗನಿಗೆ ನೋಡ್ತಿದ್ದೀರಾ ಮೇಡಂ?"

"ನನಗೆ ಮಗ ಇಲ್ಲ. ಇದ್ದಿದ್ರೂ ಕೊಡ್ತಿರ್ಲಿಲ್ಲ," ಎಂದಳು ಹಲ್ಲಕ್ಕ. "ಓಡಿಸಿ ನೋಡೋಕೆ ಕೊಡ್ತೀರಾ?"

ಅವನು ನಗುತ್ತ ಲೈಸೆನ್ಸು ಕೇಳಿದ. ಅವಳು ಕೈಚೀಲದಿಂದ ತೆಗೆದುಕೊಟ್ಟಾಗ ನಗು ನಿಂತಿತು. ದೊಡ್ಡ ಬೈಕಿನ ಲೈಸೆನ್ಸೇ. ಅವಳ ಅಪ್ಪ ಟೆಲಿಫೋನ್ ತಂತಿಗಳ ಮೇಲ್ವಿಚಾರಕ. ಆಫೀಸಿನವರು ಕೊಟ್ಟಿದ್ದ ಭಾರಿ ಬೈಕಿನಲ್ಲಿ ಕಂಬದಿಂದ ಕಂಬಕ್ಕೆ ತಿರುಗುತ್ತಿದ್ದವರು. ಹದಿನೇಳನೆಯ ವಯಸ್ಸಿನಲ್ಲಿ ಅವಳಿಗೆ ಅದನ್ನು ಓಡಿಸಲು ಕಲಿಸಿದ್ದರು. ಆಮೇಲೆ ಕೆಲಸ, ಮದುವೆ, ಹಲ್ಲು. ಆ ಬೈಕು ಯಾವುದೋ ಗೋದಾಮು ಸೇರಿತು. ಲೈಸೆನ್ಸನ್ನು ಮಾತ್ರ ಅವಳು ಅವಧಿ ಮುಗಿದಾಗಲೆಲ್ಲ ಹೋಗಿ ಮುಂದುವರಿಸಿಕೊಂಡು ಬರುತ್ತಿದ್ದಳು. ಯಾಕೆ ಎಂದು ಗಂಡ ಒಮ್ಮೆ ಕೇಳಿದ್ದ. ಇರಲಿ ಎಂದಿದ್ದಳು.

ಶೋರೂಮಿನ ಹಿಂದಿನ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್. ನಿಂತಿದ್ದಾಗ ಬೆಟ್ಟದಂತೆ ಭಾರವಾಗಿದ್ದ ಬೈಕು ಕ್ಲಚ್ ಬಿಟ್ಟು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಲ್ಲ ಭಾರವನ್ನೂ ಎಲ್ಲೋ ಇಳಿಸಿಬಿಟ್ಟಿತು. ತಿರುವಿನಲ್ಲಿ ಅವಳು ನೋಡಿದ ಕಡೆಗೆ ಅದೇ ವಾಲಿತು. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ದಿನವಿಡೀ ಹಲ್ಲು ಉಜ್ಜುವ ಮೋಟಾರಿನ ಮುಂದೆ ಕೂರುವವಳು. ಮೋಟಾರು ಸುಳ್ಳು ಹೇಳುತ್ತಿದ್ದರೆ ಅವಳಿಗೆ ಬೆರಳಿನಲ್ಲೇ ಗೊತ್ತಾಗುತ್ತಿತ್ತು. ಇದು ಸುಳ್ಳು ಹೇಳಲಿಲ್ಲ. ವಾಪಸ್ಸು ಬಂದು ಹೆಲ್ಮೆಟ್ಟು ತೆಗೆದಾಗ ಸೇಲ್ಸ್‌ನವನು, "ಹೇಗಿದೆ ಮೇಡಂ?" ಎಂದ. ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು, "ಇದೇ ಬಣ್ಣದ್ದು ಬೇಕು," ಎಂದಳು.

ಅಡುಗೆಮನೆ ಹೊಸದು ಮಾಡಿಸಬೇಕೆಂದು ಮನೆಯಲ್ಲಿ ಎರಡು ವರ್ಷದಿಂದ ಮಾತು ನಡೆದಿತ್ತು. ಆ ಮಾತು ಅವತ್ತು ಸಂಜೆ ನಿಂತುಹೋಯಿತು. ಗಂಡ ವಿಷಯ ಕೇಳಿ ಬಹಳ ಹೊತ್ತು ತನ್ನ ಕನ್ನಡಕ ಒರೆಸಿದ. ಅವನು ಮಾತು ಕಡಿಮೆಯ ಮನುಷ್ಯ. ಬೇಜಾರಾದರೂ ಒರೆಸುತ್ತಾನೆ, ಖುಷಿಯಾದರೂ ಒರೆಸುತ್ತಾನೆ.

"ಕಾಲು ನೆಲಕ್ಕೆ ಎಟುಕುತ್ತಾ?" ಎಂದ ಕೊನೆಗೆ.

"ಬೆರಳು ಎಟುಕುತ್ತೆ."

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ."

ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ತಲೆ ಎತ್ತದೆ, "ಮೂಗು ಗಟ್ಟಿ ಇದ್ರೆ ಎಷ್ಟು ಭಾರದ್ದಾದ್ರೂ ನಿಲ್ಲುತ್ತೆ ಬಿಡೋ," ಎಂದರು. "ಅಡುಗೆಮನೆ ನಲವತ್ತು ವರ್ಷದಿಂದ ಹಾಗೇ ಇದೆ. ಅದೇನು ಓಡಿ ಹೋಗುತ್ತಾ?"

ಹದಿನೈದು ದಿನ ಬಿಟ್ಟು ಬೈಕು ಮನೆಗೆ ಬಂತು. ಮೊದಲು ಅದರ ಮೇಲೆ ಕೂತವರು ಅತ್ತೆಯೇ. ಪಕ್ಕದ ಮನೆಯವರ ಸ್ಟೂಲು ತರಿಸಿ, ಸೊಸೆಯ ಹೆಗಲು ಹಿಡಿದು ಹತ್ತಿ, ಎರಡೂ ಕನ್ನಡಿಗಳಲ್ಲಿ ಮುಖ ನೋಡಿಕೊಂಡು, "ಕುರ್ಚಿಗಿಂತ ಚೆನ್ನಾಗಿದೆ ಕಣಮ್ಮ," ಎಂದು ಸರ್ಟಿಫಿಕೇಟು ಕೊಟ್ಟರು.

ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ಜೋರಾಗಿ ತಿರುಗಿಸಬಾರದು, ಒಂದೇ ವೇಗದಲ್ಲೂ ಹೋಗಬಾರದು, ಹೊಸ ಟೈರಿನ ಮೇಲೆ ವಿಪರೀತ ವಾಲಬಾರದು ಎಂದು ಪುಸ್ತಕದಲ್ಲಿ ಬರೆದಿತ್ತು. ಹಲ್ಲಕ್ಕನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೊಸ ಸೆಟ್ಟು ಹಾಕಿಕೊಂಡವರಿಗೂ ಡಾಕ್ಟರು ಹೇಳುವುದು ಇದನ್ನೇ: ಮೊದಲು ಮೆತ್ತಗಿನದು ತಿನ್ನಿ, ಎರಡೂ ಕಡೆ ಅಗಿಯಿರಿ, ಗಟ್ಟಿ ಪದಾರ್ಥಕ್ಕೆ ಅವಸರ ಮಾಡಬೇಡಿ. ಎರಡು ತುಂಡು ಒಂದಕ್ಕೊಂದು ಒಗ್ಗಿಕೊಳ್ಳುವುದಕ್ಕೆ ಕಾಲ ಬೇಕು. ಅವಳು ದಿನಾ ಬೆಳಗ್ಗೆ ಅರ್ಧ ಗಂಟೆ ಮುಂಚೆ ಎದ್ದು, ಊರ ಸುತ್ತಲಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಆಮೇಲೆ ಕೆಲಸಕ್ಕೆ ಕೂರತೊಡಗಿದಳು. ವಾರಕ್ಕೆ ಎರಡು ಸಲ ತೊಳೆದಳು. ಹಲ್ಲಿನ ಸಂದಿಗೆ ಬಳಸುವ ಪುಟ್ಟ ಬ್ರಷ್ಷಿನಲ್ಲಿ ಚೈನು ಒರೆಸಿದಳು.

"ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ," ಎಂದ ಗಂಡ ಬಾಗಿಲಲ್ಲಿ ನಿಂತು.

"ಹಳೇದಾದ್ಮೇಲೂ ಒಗೀತೀನಿ, ನೋಡ್ತಿರಿ."

ಐದನೆಯ ದಿನ ಬಿದ್ದಳು. ಓಡುವಾಗಲ್ಲ, ನಿಲ್ಲಿಸುವಾಗ. ಪೆಟ್ರೋಲ್ ಬಂಕಿನಲ್ಲಿ ನೆಲ ಸ್ವಲ್ಪ ಇಳಿಜಾರಿತ್ತು. ಎಡಗಾಲು ಊರಿದ ಕಡೆ ನೆಲವೇ ಸಿಗಲಿಲ್ಲ. ಇನ್ನೂರ ಇಪ್ಪತ್ತು ಕಿಲೋ ಒಂದು ಸಲ ವಾಲತೊಡಗಿದರೆ ಹಿಡಿಯುವುದು ಯಾರಿಂದಲೂ ಆಗದು. ಅವಳು ಜಾಣತನದಿಂದ ಕಾಲು ಎಳೆದುಕೊಂಡು ಬೈಕನ್ನು ಮಲಗಲು ಬಿಟ್ಟಳು. ಬಂಕಿನ ಇಬ್ಬರು ಓಡಿ ಬಂದರು. "ಒಂದ್ನಿಮಿಷ ಇರಿ," ಎಂದು ಅವರನ್ನು ತಡೆದು, ಬೈಕಿಗೆ ಬೆನ್ನು ಕೊಟ್ಟು ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಸೀಟಿನ ಕೆಳಗಿನ ಹಿಡಿ ಹಿಡಿದು, ಹಲ್ಲು ಕಚ್ಚಿ, ತೊಡೆಯ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತ ನಿಲ್ಲಿಸಿದಳು. ಹೀಗೆ ಎತ್ತಬೇಕೆಂದು ಅಪ್ಪ ಹೇಳಿಕೊಟ್ಟಿದ್ದರು. ಎಡಗಡೆಯ ಪೆಟ್ಟಿಗೆಯ ಮೇಲೆ ಒಂದು ಉದ್ದ ಗೀರು ಬಿದ್ದಿತ್ತು. ಬಂಕಿನವನು ಪೈಪು ಎತ್ತಿಕೊಂಡು ಪೆಟ್ರೋಲ್ ತುಂಬಿಸಿದ. ತುಂಬಿಸುವಷ್ಟು ಹೊತ್ತೂ ಅವಳನ್ನೇ ನೋಡುತ್ತಿದ್ದ.

ಮನೆಗೆ ಬಂದು ಮುಚ್ಚಿಡಲಿಲ್ಲ. ಗಂಡ ಗೀರಿನ ಮೇಲೆ ಬೆರಳಾಡಿಸಿ ಕನ್ನಡಕ ಒರೆಸಿದ. ಮಾರನೆಯ ದಿನ ಅವಳ ಬೂಟು ಕಾಣೆಯಾಗಿತ್ತು. ಸಂಜೆ ವಾಪಸ್ಸು ಬಂದಾಗ ಅಟ್ಟೆ ಮುಕ್ಕಾಲು ಇಂಚು ದಪ್ಪವಾಗಿತ್ತು. ಅಂಗಡಿಯ ಪಕ್ಕದ ಬೂಟು ರಿಪೇರಿಯವನ ಹತ್ತಿರ ಕೂತು ಮಾಡಿಸಿದ್ದ. ಅದರ ಜೊತೆಗೆ ಒಂದು ಹೊಸ ಕನ್ನಡಕ. ಕಡ್ಡಿಗಳು ತೆಳ್ಳಗೆ, ನೆಟ್ಟಗೆ, ಹೆಲ್ಮೆಟ್ಟಿನೊಳಗೆ ಕಿವಿ ನೋಯದೆ ಜಾರಿಸಿಕೊಳ್ಳುವಂತೆ.

"ನಿಮಗೆ ಬೈಕು ಇಷ್ಟ ಇಲ್ಲ ಅಂದ್ಕೊಂಡಿದ್ದೆ," ಎಂದಳು.

"ಇಷ್ಟ ಇಲ್ಲ," ಎಂದ ಅವನು. "ಆದ್ರೆ ನೀನು ಬೀಳೋದು ಅದಕ್ಕಿಂತ ಇಷ್ಟ ಇಲ್ಲ."

ಬೈಕಿನಲ್ಲಿ ದೋಷಗಳೂ ಇದ್ದವು, ಅವಳು ಅಡಗಿಸುತ್ತಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಬಲತೊಡೆಗೆ ಒಲೆಯ ಮುಂದೆ ಕೂತಷ್ಟು ಕಾವು. ಹಾರನ್ನು ಇಷ್ಟು ದೊಡ್ಡ ಗಾಡಿಗೆ ಶೋಭೆ ತರುವಂಥದ್ದಲ್ಲ. ಶೀತವಾದ ಮೇಕೆಮರಿಯ ಕೂಗು. ಒಂದು ನಿರ್ದಿಷ್ಟ ವೇಗದಲ್ಲಿ ಕನ್ನಡಿ ನಡುಗಿ ಹಿಂದಿನ ಲಾರಿ ಮೂರು ಲಾರಿಯಾಗುತ್ತಿತ್ತು. ಸೈಡ್ ಸ್ಟ್ಯಾಂಡು ಗಿಡ್ಡ ಕಾಲಿನವರನ್ನು ನೆನೆಸಿಕೊಂಡು ಮಾಡಿದ್ದಲ್ಲ. ಇಷ್ಟನ್ನೂ ಅವಳು ಆಸ್ಪತ್ರೆಗಳ ನರ್ಸುಗಳಿಗೆ ಎಳೆಎಳೆಯಾಗಿ ಹೇಳುತ್ತಿದ್ದಳು. ಹೇಳುವ ದನಿ ಮಾತ್ರ ಮಗುವಿನ ತುಂಟತನ ಹೇಳಿಕೊಳ್ಳುವ ತಾಯಿಯದು. ಕ್ಲಚ್ ಹಿಡಿಯದೆಯೇ ಗೇರು ಹೇಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬದಲಾಗುತ್ತದೆ, ಬ್ರೇಕು ಎರಡೇ ಬೆರಳಿಗೆ ಹೇಗೆ ಮಾತು ಕೇಳುತ್ತದೆ ಎಂಬಲ್ಲಿಗೆ ಬಂದರೆ ಡಬ್ಬಿ ಕೊಡುವುದೇ ಮರೆತುಹೋಗುತ್ತಿತ್ತು.

ಸಾವಿರ ಕಿಲೋಮೀಟರಿಗೆ ಮೊದಲ ಸರ್ವಿಸ್ ಆಯಿತು. ಸರ್ವಿಸಿನ ಮೆಕ್ಯಾನಿಕ್ಕು ಎಣ್ಣೆ ಬದಲಾಯಿಸಿ, "ಇನ್ನು ಲಗಾಮು ಬಿಟ್ಟು ಓಡಿಸಬಹುದು," ಎಂದ. ಎಲ್ಲಿಗೆ ಎಂಬುದೇ ಪ್ರಶ್ನೆಯಾಗಿತ್ತು. ಹನ್ನೊಂದು ಆಸ್ಪತ್ರೆಗಳೂ ಹನ್ನೆರಡು ಕಿಲೋಮೀಟರಿನೊಳಗೇ. ಕಡಲೆ ಸಿಕ್ಕಿತ್ತು, ಹಲ್ಲೂ ಇತ್ತು, ತಿನ್ನಲು ಹೊತ್ತೇ ಕೂಡಿ ಬಂದಿರಲಿಲ್ಲ.

ಅದು ಕೂಡಿ ಬಂದದ್ದು ಒಂದು ಗುರುವಾರ. ಊರಿನ ಹನ್ನೊಂದಲ್ಲದೆ ಮುನ್ನೂರ ಹತ್ತು ಕಿಲೋಮೀಟರ್ ದೂರದ ಬೆಟ್ಟದ ಊರಿನಲ್ಲೂ ಅವಳಿಗೊಬ್ಬ ಡಾಕ್ಟರು ಇದ್ದಳು. ಚಿಕ್ಕ ವಯಸ್ಸಿನವಳು. ಅಚ್ಚು, ಸೆಟ್ಟು ಎಲ್ಲ ಕೊರಿಯರ್ ವ್ಯಾನಿನಲ್ಲೇ ಓಡಾಡುತ್ತಿದ್ದವು, ಇಬ್ಬರೂ ಮುಖ ನೋಡಿದವರಲ್ಲ. ಅವತ್ತು ಬೆಳಗ್ಗೆ ಹಲ್ಲಕ್ಕ ಬಾಗಿಲು ತೆಗೆದರೆ ಮೊನ್ನೆ ಕಳಿಸಿದ ಡಬ್ಬಿ ಮೆಟ್ಟಿಲ ಮೇಲೆ ವಾಪಸ್ಸು ಕೂತಿತ್ತು. ಬೆಟ್ಟದ ಸುರಂಗದಲ್ಲಿ ಚಾವಣಿ ಕುಸಿದು ದುರಸ್ತಿಗೆ ಮುಚ್ಚಿದ್ದಾರೆ, ಮುಂದಿನ ವಾರದವರೆಗೂ ವ್ಯಾನು ಹೋಗುವುದಿಲ್ಲ ಎಂದು ಚೀಟಿ.

ಅವಳು ಡಾಕ್ಟರಿಗೆ ಫೋನು ಮಾಡಿದಳು.

"ಅಕ್ಕ, ನಾಳೆ ಬೆಳಗ್ಗೆಗೆ ಬೇಕಾಗಿತ್ತು," ಎಂದಳು ಡಾಕ್ಟರು. "ಎಪ್ಪತ್ತೊಂಬತ್ತು ವರ್ಷದ ಅಜ್ಜಿ. ಹಳೇ ಸೆಟ್ಟು ಸಿಂಕಿನಲ್ಲಿ ಬಿದ್ದು ಎರಡು ಹೋಳಾಯ್ತು. ಅವರ ತಂಗಿ ಹತ್ತೊಂಬತ್ತು ವರ್ಷ ಆದ್ಮೇಲೆ ಪರದೇಶದಿಂದ ಬರ್ತಿದ್ದಾರೆ. ಬೋಳು ಬಾಯಲ್ಲಿ ಅವಳ ಮುಂದೆ ನಿಲ್ಲಲ್ಲ, ಬಾಗಿಲು ಹಾಕ್ಕೊಂಡು ಮಲಗ್ತೀನಿ ಅಂತ ಕೂತಿದ್ದಾರೆ. ತಮಾಷೆಗೆ ಹೇಳ್ತಿಲ್ಲ ಅವರು."

"ಸುರಂಗ ಬಿಟ್ರೆ ಬೇರೆ ದಾರಿ ಇಲ್ವಾ?"

"ಸುರಂಗದ ಮೇಲೆ ಹಳೇ ರಸ್ತೆ ಇದೆ. ಒಂದು ತಿರುವು ಅರ್ಧ ಜಾರಿಹೋಗಿದೆ. ಬೈಕು ಮಾತ್ರ ಬಿಡ್ತಿದ್ದಾರೆ."

ಹಲ್ಲಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ಪ್ರೆಸ್ಸಿನ ಮುಂದೆ ನೀಲಿ ಬೈಕು ಬಿಸಿಲು ಕಾಯುತ್ತಿತ್ತು.

"ನಾಲ್ಕೂವರೆಗೆ ಆಸ್ಪತ್ರೆಯಲ್ಲಿ ಇರ್ತೀನಿ. ಅಜ್ಜಿಗೆ ಬಾಗಿಲು ಹಾಕ್ಕೋಬೇಡಿ ಅಂತ ಹೇಳಿ."

ಗಂಡನಿಗೆ ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ ಒರೆಸುವ ಸದ್ದು ಕೇಳಲಿಲ್ಲ, ಆದರೆ ಒರೆಸುತ್ತಿದ್ದಾನೆಂದು ಗೊತ್ತಾಯಿತು. "ಎರಡು ಗಂಟೆಗೊಮ್ಮೆ ನಿಂತು ನೀರು ಕುಡಿ. ನಿಂತಾಗ ಒಂದು ಮೆಸೇಜು ಹಾಕು," ಎಂದನಷ್ಟೆ. ಮನೆಗೆ ಹೋದಾಗ ಅತ್ತೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟರು. ಡಬ್ಬಿಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಗೀರು ಬಿದ್ದ ಪೆಟ್ಟಿಗೆಯಲ್ಲಿಟ್ಟು, ಹಲ್ಲು ಅರೆಯುವ ಪುಟ್ಟ ಯಂತ್ರವನ್ನೂ ಹಾಕಿಕೊಂಡು ಹತ್ತು ಗಂಟೆಗೆ ಹೊರಟಳು.

ಮೊದಲ ನೂರೈವತ್ತು ಕಿಲೋಮೀಟರ್ ಅಗಲವಾದ ಹೆದ್ದಾರಿ. ಊರು ಹಿಂದೆ ಸರಿದ ಮೇಲೆ ಅವಳು ಮೊದಲ ಸಲ ಬೈಕಿಗೆ ಬೇಕಾದಷ್ಟು ದಾರಿ ಕೊಟ್ಟಳು. ಎಂಜಿನ್ನು ಗುನುಗುವುದನ್ನು ಬಿಟ್ಟು ದನಿ ತೆಗೆಯಿತು. ಗಾಳಿತಡೆಯ ಗಾಜನ್ನು ಒಂದು ಹಿಡಿ ಮೇಲಕ್ಕೆ ಎಳೆದಾಗ ಎದೆಗೆ ಗುದ್ದುತ್ತಿದ್ದ ಗಾಳಿ ತಲೆಯ ಮೇಲಿಂದ ಹಾದುಹೋಯಿತು. ಹೆಲ್ಮೆಟ್ಟಿನೊಳಗೆ ತನ್ನ ಉಸಿರು ತನಗೇ ಕೇಳುವಷ್ಟು ನಿಶ್ಶಬ್ದ. ಇಪ್ಪತ್ತಮೂರು ವರ್ಷ ಒಂದು ಮೊಳ ದೂರದ ವಸ್ತುವನ್ನೇ ದಿಟ್ಟಿಸಿದ ಕಣ್ಣು ಅವು. ಎರಡು ಕಿಲೋಮೀಟರ್ ಆಚೆಯ ತಿರುವನ್ನು, ಅದರಾಚೆಯ ಗುಡ್ಡವನ್ನು, ಗುಡ್ಡದಾಚೆಯ ಮೋಡವನ್ನು ನೋಡಿ ನೋಡಿ ಅವಕ್ಕೆ ದಣಿವೇ ಆಗಲಿಲ್ಲ. ನಿಂತು ನೀರು ಕುಡಿದು ಗಂಡನಿಗೆ "ಚೆನ್ನಾಗಿದೀನಿ" ಎಂದು ಬರೆದಳು. ಸ್ವಲ್ಪ ಯೋಚಿಸಿ "ತುಂಬಾ" ಎಂದು ಸೇರಿಸಿದಳು.

ಸುರಂಗದ ಬಾಯಲ್ಲಿ ಲಾರಿಗಳು ಮೈಲುದ್ದ ನಿಂತಿದ್ದವು. ಪೊಲೀಸಿನವನು ಅವಳನ್ನು ತಡೆದು ಬೈಕನ್ನೂ ಅವಳ ಎತ್ತರವನ್ನೂ ಅಳೆದ.

"ಎಲ್ಲಿಗಮ್ಮ? ಮೇಲಿನ ರಸ್ತೆ ಸರಿ ಇಲ್ಲ."

"ಒಬ್ಬರ ಹಲ್ಲು ಕೊಡಬೇಕಾಗಿತ್ತು," ಎಂದಳು.

ಅವನು ಇನ್ನೊಮ್ಮೆ ಅವಳನ್ನು ನೋಡಿ ಅಡ್ಡಗಂಬ ಎತ್ತಿದ.

ಹಳೆಯ ರಸ್ತೆ ಹಾವಿನಂತೆ ಮೇಲೇರಿತು. ಚಳಿ ಬಂತು, ಜೊತೆಗೆ ಮಂಜು. ಹ್ಯಾಂಡಲ್ಲಿನ ಹಿಡಿ ಬಿಸಿಯಾಗುವ ಬಟನ್ನೊಂದಿತ್ತು. ಊರಿನಲ್ಲಿ ಇದೊಂದು ಶೋಕಿ ಎಂದುಕೊಂಡಿದ್ದಳು. ಈಗ ಅದನ್ನು ಒತ್ತಿದಳು. ಅಂಗೈಯಿಂದ ಏರಿದ ಬಿಸಿ ಮೊಣಕೈಗೆ ಮುಟ್ಟಿದಾಗ, ಇದನ್ನು ಕಂಡುಹಿಡಿದವರು ಯಾರೋ ಅವರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದಳು. ಜಾರಿಹೋದ ತಿರುವಿನಲ್ಲಿ ರಸ್ತೆ ಮೇಜಿನಷ್ಟು ಅಗಲ ಉಳಿದಿತ್ತು, ಅದರ ಮೇಲೂ ಸಡಿಲ ಜಲ್ಲಿ. ಬಲಕ್ಕೆ ಪ್ರಪಾತ, ನೋಡುವಂತಿರಲಿಲ್ಲ. ಅಲ್ಲಿ ಅವಳಿಗೆ ಭಯವಾಯಿತು, ಚೆನ್ನಾಗಿಯೇ ಆಯಿತು. ಮೊದಲ ಗೇರಿನಲ್ಲಿ, ಹಿಂದಿನ ಬ್ರೇಕನ್ನು ಕೂದಲೆಳೆಯಷ್ಟು ಒತ್ತಿ ಹಿಡಿದು, ಕೆಳಗೆ ನೋಡದೆ ಆಚೆ ತುದಿಯ ಒಂದು ಬಿಳಿಕಲ್ಲನ್ನೇ ನೋಡುತ್ತ ಹೋದಳು. ಮೇಣದಲ್ಲಿ ಹಲ್ಲು ಕೂರಿಸುವಾಗಲೂ ಕೈ ಹೀಗೇ ಇರಬೇಕು: ಬಿಗಿ ಹಿಡಿದರೆ ಕೆಟ್ಟಿತು, ಸಡಿಲ ಬಿಟ್ಟರೂ ಕೆಟ್ಟಿತು. ಬೈಕು ಒಮ್ಮೆ ಹಿಂದಿನ ಚಕ್ರ ಜಾರಿಸಿತು. ಅದರೊಳಗಿನ ಯಾವುದೋ ಬುದ್ಧಿ ತಾನೇ ಎಂಜಿನ್ನಿನ ಜೋರು ತಗ್ಗಿಸಿ ಸಂಭಾಳಿಸಿಕೊಂಡಿತು. ಬಿಳಿಕಲ್ಲು ದಾಟಿದ ಮೇಲೆ ಅವಳು ನಿಂತು ಅದರ ಟ್ಯಾಂಕಿನ ಮೇಲೆ ಎರಡು ಸಲ ತಟ್ಟಿದಳು. ಯಾರೂ ನೋಡುತ್ತಿರಲಿಲ್ಲ.

ನಾಲ್ಕು ಐವತ್ತಕ್ಕೆ ಆಸ್ಪತ್ರೆ ಸಿಕ್ಕಿತು. ಅಜ್ಜಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಎತ್ತರದ, ನೆಟ್ಟಗಿನ ಹೆಂಗಸು, ಮೂಗು ಗರುಡನದು. ಡಾಕ್ಟರು ಸೆಟ್ಟು ತೊಳೆದು ಮೇಲಿನದನ್ನು ಕೂರಿಸಿದಳು, ಕೆಳಗಿನದನ್ನು ಕೂರಿಸಿದಳು, ಹಲ್ಲು ತಗಲಿದ ಕಡೆ ಕಲೆ ಬೀಳುವ ನೀಲಿ ಕಾಗದ ಕಚ್ಚಿಸಿದಳು. ಒಂದು ಕಡೆ ಎತ್ತರವಾಗಿತ್ತು. "ಅಕ್ಕ, ನೀವೇ ನೋಡಿ," ಎಂದಳು. ಹಲ್ಲಕ್ಕ ಕೈ ತೊಳೆದು ತನ್ನ ಪುಟ್ಟ ಯಂತ್ರದಿಂದ ಕಲೆ ಬಿದ್ದ ಜಾಗವನ್ನು ಅರೆದು, ಮತ್ತೆ ಕಚ್ಚಿಸಿ, ಮತ್ತೆ ಅರೆದಳು. ಮೂರನೆಯ ಸಲಕ್ಕೆ ಎರಡೂ ಕಡೆ ಸಮನಾಗಿ ಕೂತಿತು. ಒಳಗೆ ಬಿದ್ದಿದ್ದ ಕೆನ್ನೆ ಎದ್ದು ನಿಂತಿತು. ತುಟಿ ತನ್ನ ಜಾಗಕ್ಕೆ ಬಂತು. ಕಣ್ಣಮುಂದೆಯೇ ಆ ಮುಖ ಹತ್ತು ವರ್ಷ ಹಿಂದಕ್ಕೆ ಹೋದುದನ್ನು ಹಲ್ಲಕ್ಕ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಪ್ಲಾಸ್ಟರಿನ ಮೇಲೆ ಇದು ಯಾವತ್ತೂ ಕಂಡಿರಲಿಲ್ಲ.

ಅಜ್ಜಿ ಕನ್ನಡಿ ಹಿಡಿದರು. ಹಿಡಿದವರು ಇಳಿಸಲಿಲ್ಲ.

"ಈ ಹಲ್ಲು ಯಾಕೆ ಸೊಟ್ಟ ಇದೆ?" ಎಂದರು, ಮೇಲ್ಸಾಲಿನ ಒಂದು ಹಲ್ಲು ತೋರಿಸಿ.

ಹಲ್ಲಕ್ಕನಿಗೊಂದು ಅಭ್ಯಾಸವಿತ್ತು. ಗೆರೆ ಎಳೆದಂತೆ ಸಾಲಾಗಿ ಹಲ್ಲು ಕೂರಿಸಿದರೆ ಅದು ಬಾಯಿಯಂತೆ ಕಾಣದು ಎಂದು ಯಾವುದಾದರೂ ಒಂದನ್ನು ಒಂದಿಷ್ಟು ತಿರುಗಿಸಿಡುತ್ತಿದ್ದಳು. ಅದನ್ನೇ ಹೇಳಿ, "ಬೇಡ ಅಂದ್ರೆ ನೆಟ್ಟಗೆ ಮಾಡಿಕೊಡ್ತೀನಮ್ಮ, ಒಂದು ಗಂಟೆ ಸಾಕು," ಎಂದಳು.

"ನನ್ನ ತಂಗಿ ಹಲ್ಲು ಹೀಗೇ ಇತ್ತು," ಎಂದರು ಅಜ್ಜಿ. "ಇದೇ ಜಾಗ, ಇದೇ ಸೊಟ್ಟ. ಅವಳು ನಕ್ರೆ ಊರೆಲ್ಲ ಅದನ್ನೇ ನೋಡೋದು. ಅಕ್ಕನಿಗಿಂತ ತಂಗಿ ಚೆಂದ ಅಂತ ನನ್ನೆದುರಿಗೇ ಹೇಳೋರು." ಕನ್ನಡಿಯಲ್ಲಿ ಒಮ್ಮೆ ಪೂರ್ತಿಯಾಗಿ ನಕ್ಕು ನೋಡಿಕೊಂಡರು. "ಮುಟ್ಟಬೇಡಿ. ಇರಲಿ."

ಹೊತ್ತಾಗಿತ್ತು, ಆ ತಿರುವನ್ನು ಕತ್ತಲಲ್ಲಿ ದಾಟುವಂತಿರಲಿಲ್ಲ. ಅಜ್ಜಿ ತಮ್ಮ ಮನೆಗೇ ಕರೆದುಕೊಂಡು ಹೋದರು. ಬಿಸಿ ಸೂಪು, ದಪ್ಪ ಕಂಬಳಿ, ಮರದ ಮಂಚ. ಬೆಳಗ್ಗೆ ಎಂಟಕ್ಕೆ ಬೆಟ್ಟದ ಆ ಕಡೆಯ ರಸ್ತೆಯಿಂದ ಒಂದು ಕಾರು ಬಂದು ನಿಂತಿತು. ಎಪ್ಪತ್ತನಾಲ್ಕರ ತಂಗಿ ಇಳಿದಳು. ಇಬ್ಬರೂ ಗೇಟಿನ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿದರು. ತಂಗಿ ನಕ್ಕಳು. ಅವಳ ಹಲ್ಲೂ ಈಗ ಕಟ್ಟಿಸಿದ್ದೇ, ರೂಲು ದೊಣ್ಣೆ ಇಟ್ಟು ಗೆರೆ ಎಳೆದ ಹಾಗೆ. ಆಮೇಲೆ ಅಜ್ಜಿ ನಕ್ಕರು. ತಂಗಿಯ ನಗು ಅರ್ಧಕ್ಕೆ ನಿಂತಿತು.

"ಅಕ್ಕ, ಅದು ನನ್ನ ಹಲ್ಲಲ್ವೇನೇ?"

"ನೀನು ಕಳ್ಕೊಂಡೆ. ನಾನು ಎತ್ತಿಟ್ಕೊಂಡಿದ್ದೆ," ಎಂದರು ಅಜ್ಜಿ.

ಅವರಿಬ್ಬರೂ ಗೇಟು ಹಿಡಿದುಕೊಂಡು ನಕ್ಕರು, ನಗುತ್ತ ನಗುತ್ತ ಅತ್ತರು. ಹಲ್ಲಕ್ಕ ಬೈಕಿನ ಹತ್ತಿರ ನಿಂತು ಕೈಗವಸಿನಲ್ಲಿ ಸುಮ್ಮನೆ ಸೀಟು ಒರೆಸುತ್ತಿದ್ದಳು. ಗಂಡನ ಅಭ್ಯಾಸ ತನಗೂ ಅಂಟಿದೆ ಎಂದು ಆಗ ಹೊಳೆಯಿತು.

ವಾಪಸ್ಸು ಬರುವಾಗ ಮಳೆ ಹಿಡಿಯಿತು. ಬೂಟಿನೊಳಗೆ ನೀರು ಹೋಯಿತು, ಎರಡು ಗಂಟೆಯಾದ ಮೇಲೆ ಸೀಟು ಹಲಗೆಯಾಯಿತು, ಸೊಂಟ ಹಿಡಿಯಿತು. ಮನೆಗೆ ಬಂದವಳು ಮೂರು ದಿನ ಮುದುಕಿಯಂತೆ ನಡೆದಳು. ಅತ್ತೆಯೇ ಅವಳಿಗಿಂತ ಚುರುಕಾಗಿ ಓಡಾಡಿ, ಬಿಸಿನೀರಿನ ಚೀಲ ತಂದು ಸೊಂಟಕ್ಕೆ ಇಟ್ಟರು. ಆ ಅಜ್ಜಿಯ ಕಥೆಯನ್ನು ನಾಲ್ಕು ಸಲ ಹೇಳಿಸಿಕೊಂಡರು.

ನಾಲ್ಕನೆಯ ದಿನ ಅವಳು ಹನ್ನೊಂದು ಡಾಕ್ಟರುಗಳಿಗೂ ಫೋನು ಮಾಡಿದಳು. ಮೇಣದ ಹಲ್ಲನ್ನು ಬಾಯಿಗಿಟ್ಟು ನೋಡುವ ದಿನ ತಾನೂ ಬರುತ್ತೇನೆ, ಮುಖ ನೋಡಿ ಹಲ್ಲು ಕೂರಿಸುತ್ತೇನೆ ಎಂದಳು. ಇಬ್ಬರು ಗೊಣಗಿದರು, ಉಳಿದವರು ಒಪ್ಪಿದರು. ಬೆಟ್ಟದೂರಿನ ಡಾಕ್ಟರು ಸುತ್ತಲಿನ ಮೂರು ಊರಿನವರಿಗೆ ಹೇಳಿದಳು. ಈಗ ತಿಂಗಳಿಗೆರಡು ಗುರುವಾರ ಹಲ್ಲಕ್ಕ ಆ ಕಡೆ ಹೋಗುತ್ತಾಳೆ. ಒಂದು ಪೆಟ್ಟಿಗೆಯಲ್ಲಿ ಮೇಣ, ಅದನ್ನು ಕರಗಿಸುವ ದೀಪ, ಚೂರಿ. ಇನ್ನೊಂದರಲ್ಲಿ ಮಳೆಯಂಗಿ, ಬ್ರೆಡ್ಡು. ಸೀಟಿನ ಮೇಲೆ ಮೆತ್ತನೆಯ ಹೊದಿಕೆ ಹೊಲಿಸಿದ್ದಾಳೆ, ಹಾರನ್ನು ಬದಲಾಯಿಸಿದ್ದಾಳೆ. ಬಾಯಿ ತೋರಿಸಲು ನಾಚುವ ಮುದುಕರು ಮೊದಲು ಬೈಕಿನ ಬಗ್ಗೆ ಕೇಳುತ್ತಾರೆ, ಎಷ್ಟು ಕೊಡುತ್ತೆ, ಎಷ್ಟು ಓಡುತ್ತೆ ಎಂದು. ಅವಳು ಹೇಳುತ್ತಾಳೆ. ಹೇಳುತ್ತ ಅವರು ಹೇಗೆ ನಗುತ್ತಾರೆ, ಮಾತಾಡುವಾಗ ತುಟಿ ಎಲ್ಲಿಗೆ ಏರುತ್ತದೆ ಎಂಬುದನ್ನೆಲ್ಲ ನೋಡಿಕೊಳ್ಳುತ್ತಾಳೆ. ಮೀಟರು ಐದು ಸಾವಿರ ದಾಟಿದೆ.

ಗಂಡ ಹಿಂದಿನ ಸೀಟಿನಲ್ಲಿ ಕೂತದ್ದು ಮೂರು ತಿಂಗಳಾದ ಮೇಲೆ, ಒಂದು ಭಾನುವಾರ. ಹೆಲ್ಮೆಟ್ಟು ತಾನೇ ಕೊಂಡು ತಂದು ಕಪಾಟಿನ ಮೇಲಿಟ್ಟು ಹದಿನೈದು ದಿನ ಅದನ್ನು ನೋಡಿದ್ದ. ಊರ ಹೊರಗಿನ ಮೊದಲ ಗುಡ್ಡದವರೆಗೆ ಮಾತ್ರ ಎಂದು ಒಪ್ಪಂದವಾಗಿತ್ತು. ದಾರಿಯುದ್ದಕ್ಕೂ ಅವಳ ಜಾಕೆಟ್ಟಿನ ಎರಡೂ ಪಕ್ಕ ಅವನ ಮುಷ್ಟಿಯಲ್ಲಿ ಮುದುಡಿಹೋಗಿದ್ದವು. ಗುಡ್ಡದ ಮೇಲೆ ಅವಳು ಎಂಜಿನ್ ನಿಲ್ಲಿಸಿದಾಗ ಅವನು ಇಳಿದು ಹೆಲ್ಮೆಟ್ಟು ತೆಗೆದು ಕನ್ನಡಕ ಒರೆಸಿದ.

"ನೀನು ತಿರುವಿನಲ್ಲಿ ವಾಲ್ತೀಯಲ್ಲ," ಎಂದ. "ಆಗ ನಾನೂ ವಾಲಬೇಕಾ, ನೆಟ್ಟಗೆ ಕೂರಬೇಕಾ?"

"ನೀವು ಏನೂ ಮಾಡ್ಬೇಡಿ. ನನ್ನ ಹೆಗಲ ಮೇಲಿಂದ ದಾರಿ ನೋಡ್ತಿರಿ, ಮೈ ತಾನೇ ಬರುತ್ತೆ."

ಅವನು ಅದನ್ನು ತೂಗಿ ನೋಡಿದ. ಕೆಳಗೆ ರಸ್ತೆ ಬಯಲಿಗಿಳಿದು ಮುಂದಿನ ಗುಡ್ಡದ ಕಡೆಗೆ ಹೋಗಿತ್ತು.

"ಅಲ್ಲಿವರೆಗೆ ಹೋದ್ರೆ ಊಟದ ಹೊತ್ತಿಗೆ ವಾಪಸ್ಸು ಬರಬಹುದಾ?" ಎಂದು ಕೇಳಿದ.

"ಬರಬಹುದು," ಎಂದಳು ಹಲ್ಲಕ್ಕ. ಬರಲಾಗದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ. ಅಮ್ಮನಿಗೆ ಊಟ ಮಾಡಿಬಿಡಿ ಎಂದು ಫೋನು ಮಾಡಿ, ಅವಳ ಹಿಂದೆ ಹತ್ತಿ ಕೂತ.